ವಾಟರ್ ಬಾಯ್ಸ್: ಫೈನಲ್ ಮ್ಯಾಚೇ ಇಲ್ಲದ ಸ್ಪೋರ್ಟ್ಸ್ ಸಿನಿಮಾ. ಯಾರಾದರೂ ನೋಡಿದ್ದೀರಾ?

ಮ್ಯಾಟಿನಿ ಪ್ರಿಯ · ಭಾನುವಾರ ಸಂಜೆ 6:10

ಮಧ್ಯಾಹ್ನ ಊಟ ಮಾಡಿ ಒಂದು ಗಂಟೆ ಮಲಗೋಣ ಅಂತಿದ್ದೆ. ಹಾರ್ಡ್ ಡಿಸ್ಕಿನಲ್ಲಿ ಏನನ್ನೋ ಹುಡುಕುವಾಗ ಈ ಹಳೆಯ ಜಪಾನಿ ಸಿನಿಮಾ ಕಣ್ಣಿಗೆ ಬಿತ್ತು. ‘ವಾಟರ್ ಬಾಯ್ಸ್’, 2001ರದ್ದು. ನಿರ್ದೇಶಕ ಶಿನೊಬು ಯಾಗುಚಿ. ನಿದ್ದೆ ಹೋಯ್ತು. ಒಬ್ಬನೇ ಕೂತು ನಕ್ಕಿದ್ದಕ್ಕೆ ಹೆಂಡತಿ ಎರಡು ಸಲ ಬಾಗಿಲಲ್ಲಿ ಬಂದು ನೋಡಿ ಹೋದಳು.

ಗೊತ್ತಿಲ್ಲದವರಿಗೆ ಕತೆ ಹೇಳಿಬಿಡುತ್ತೇನೆ. ಅದೊಂದು ಹುಡುಗರ ಹೈಸ್ಕೂಲು. ಅಲ್ಲಿನ ಈಜು ತಂಡದಲ್ಲಿ ಉಳಿದಿರುವುದು ಸುಜುಕಿ ಒಬ್ಬನೇ. ಸ್ಪರ್ಧೆಗೆ ಹೋದರೆ ಕೊನೆಯ ಸ್ಥಾನ. ಅಷ್ಟರಲ್ಲಿ ಚೆಂದದ ಹೊಸ ಟೀಚರ್ ಒಬ್ಬರು ಬಂದು ಈಜು ತಂಡ ನೋಡಿಕೊಳ್ಳುತ್ತೇನೆ ಅನ್ನುತ್ತಾರೆ. ಮರುದಿನ ಕೊಳದ ಹತ್ತಿರ ಜಾತ್ರೆಯಂತೆ ಹುಡುಗರು ಸೇರುತ್ತಾರೆ. ಆಗ ಟೀಚರ್ ಖುಷಿಯಿಂದ ಹೇಳುತ್ತಾರೆ: ನಾನು ಕಲಿಸುವುದು ಸಿಂಕ್ರೊನೈಸ್ಡ್ ಈಜು. ಅಂದರೆ ಸಂಗೀತಕ್ಕೆ ತಕ್ಕಂತೆ ನೀರಿನಲ್ಲಿ ಒಟ್ಟಿಗೆ ಕಾಲೆತ್ತಿ, ತಲೆಕೆಳಗಾಗಿ, ಮುಖದ ಮೇಲೆ ನಗು ಇಟ್ಟುಕೊಂಡು ಮಾಡುವ ಆಟ. ಕೇಳಿದ್ದೇ ತಡ, ಕೊಳ ಖಾಲಿ. ಓಡಿಹೋಗದೆ ಉಳಿದವರು ಐದೇ ಜನ.

ಆ ಐವರೋ! ಯಾವುದನ್ನೂ ಅರ್ಧಕ್ಕಿಂತ ಮುಂದೆ ಮಾಡದ ಸಾಟೋ. ಮೈಮೇಲೆ ಮಾಂಸವೇ ಇಲ್ಲದ ಓಟಾ. ಲೆಕ್ಕದ ಹುಳು ಕನಾಜಾವಾ. ನಾಚಿಕೆಯ ಹುಡುಗ ಸಾಓತೊಮೆ. ಇವರ ಜೊತೆಗೆ ಸುಜುಕಿ. ಇವರು ಶುರು ಮಾಡುವ ಹೊತ್ತಿಗೆ ಟೀಚರ್ ಹೆರಿಗೆ ರಜೆಗೆ ಹೋಗುತ್ತಾರೆ. ಕಲಿಸುವವರೇ ಇಲ್ಲ.

ನಾನು ಇಲ್ಲಿ ಕೇಳಬೇಕೆಂದಿದ್ದು ಒಂದು ವಿಷಯ. ಎಲ್ಲ ಸ್ಪೋರ್ಟ್ಸ್ ಸಿನಿಮಾಗಳಲ್ಲೂ ಕೊನೆಗೆ ಮ್ಯಾಚ್ ಇರುತ್ತದೆ, ಎದುರಾಳಿ ಇರುತ್ತಾನೆ, ಸ್ಕೋರ್‌ಬೋರ್ಡ್ ಇರುತ್ತದೆ. ಇಲ್ಲಿ ಅದ್ಯಾವುದೂ ಇಲ್ಲ. ಒಂದು ಶಾಲೆಯ ಹಬ್ಬ, ಒಂದು ಪ್ರದರ್ಶನ, ಅಷ್ಟೇ. ಯಾರೂ ಯಾರನ್ನೂ ಸೋಲಿಸುವುದಿಲ್ಲ. ಆದರೂ ಕೊನೆಯಲ್ಲಿ ನನಗೆ ಗಂಟಲು ಕಟ್ಟಿತು. ನಗಿಸುವ ಸಿನಿಮಾ ಇದು, ಹಾಗಾಗಬಾರದಿತ್ತು ಅಲ್ವಾ? ನಿಮಗೂ ಹಾಗೇ ಆಯ್ತಾ?

ಬಾವಿ ಕಪ್ಪೆ · ಭಾನುವಾರ ಸಂಜೆ 6:42

ಅಫ್ರೋ ಕೂದಲಿನ, ಅಂದರೆ ತಲೆ ಸುತ್ತ ಚೆಂಡಿನಂತೆ ಉಬ್ಬಿದ ಗುಂಗುರು ಕೂದಲಿನ ಹುಡುಗ ಇರುವ ಸಿನಿಮಾ ತಾನೇ? ಪೋಸ್ಟರ್ ನೋಡಿದ್ದೆ. ಈಜುವವನಿಗೆ ಆ ಕೂದಲು ಯಾಕೆ ಅಂತ ಅವತ್ತಿನಿಂದ ತಲೆ ಕೆಡಿಸಿಕೊಂಡಿದ್ದೇನೆ.

ಮ್ಯಾಟಿನಿ ಪ್ರಿಯ · ಭಾನುವಾರ ಸಂಜೆ 6:50

ಅವನೇ ಸಾಟೋ. ಆ ಪಾತ್ರ ಮಾಡಿದ್ದು ಹಿರೋಶಿ ತಮಾಕಿ. ಸುಜುಕಿ ಆಗಿರುವುದು ಸತೋಶಿ ತ್ಸುಮಾಬುಕಿ. ಇಬ್ಬರೂ ಆಮೇಲೆ ಅಲ್ಲಿ ದೊಡ್ಡ ಸ್ಟಾರ್ ಆದರು.

ಹಳೇ ರೀಲು · ಭಾನುವಾರ ರಾತ್ರಿ 8:05

ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದು ಜಪಾನಿನಲ್ಲಿ ಚೆನ್ನಾಗಿ ಓಡುವ ಒಂದು ಅಚ್ಚು. ಕೈಲಾಗದ ನಾಲ್ಕೈದು ಜನ, ಯಾರೂ ಕೇಳದ ಆಟ, ವಿಚಿತ್ರ ಗುರು, ಕೊನೆಗೆ ಚಪ್ಪಾಳೆ. 1992ರಲ್ಲೇ ಮಸಾಯುಕಿ ಸುವೊ ಇದೇ ಅಚ್ಚಿನಲ್ಲಿ ಸುಮೋ ಸಿನಿಮಾ ಮಾಡಿದ್ದರು, ‘ಶಿಕೊ ಫುಂಜಟ್ಟ’. ಡಿಗ್ರಿ ಮುಗಿಸಲು ಅಂಕ ಬೇಕು ಅಂತ ಕಾಲೇಜಿನ ಸುಮೋ ತಂಡ ಸೇರುವ ಹುಡುಗನ ಕತೆ. ನಾಯಕ ಮಸಾಹಿರೊ ಮೊಟೊಕಿ. 2008ರ ‘ಡಿಪಾರ್ಚರ್ಸ್’ನಲ್ಲಿ ಹೆಣಕ್ಕೆ ಸಿಂಗಾರ ಮಾಡಿದವರು ಇವರೇ. 1996ರಲ್ಲಿ ಅದೇ ಸುವೊ ‘ಶಲ್ ವಿ ಡಾನ್ಸ್’ ಮಾಡಿದರು. ಆ ಎರಡರಲ್ಲೂ ನಗಿಸಿದ ನವೊಟೊ ತಕೆನಾಕ ಈ ಸಿನಿಮಾದಲ್ಲೂ ಡಾಲ್ಫಿನ್ ಪಳಗಿಸುವವನಾಗಿ ಬಂದಿದ್ದಾರೆ. ‘ಶಲ್ ವಿ ಡಾನ್ಸ್’ ಮತ್ತು ‘ವಾಟರ್ ಬಾಯ್ಸ್’ ಎರಡನ್ನೂ ಮಾಡಿದ್ದು ಒಂದೇ ಕಂಪನಿ, ಅಲ್ಟಮಿರಾ ಪಿಕ್ಚರ್ಸ್. ಅಂದರೆ ಒಂದೇ ಅಡುಗೆಮನೆ, ಒಂದೇ ಸಾರಿನ ಪುಡಿ.

ಒಂದು ಸ್ವಾರಸ್ಯ: ಸುಮೋ ಸಿನಿಮಾದಲ್ಲೂ ಡಾನ್ಸ್ ಸಿನಿಮಾದಲ್ಲೂ ತಕೆನಾಕ ಪಾತ್ರದ ಹೆಸರು ಅವೊಕಿ. ಮೊದಲನೆಯದರಲ್ಲಿ ಕಣಕ್ಕೆ ಇಳಿದರೆ ಸಾಕು, ಅವನಿಗೆ ಹೊಟ್ಟೆ ಕೆಡುತ್ತದೆ.

ಮ್ಯಾಟಿನಿ ಪ್ರಿಯ · ಭಾನುವಾರ ರಾತ್ರಿ 8:31

ಸಾರಿನ ಪುಡಿ ಒಂದೇ ಇರಬಹುದು ಗುರುಗಳೇ. ಆದರೆ ಸುಮೋದಲ್ಲಿ ಪಂದ್ಯ ಇದೆ, ಎದುರಾಳಿ ಇದ್ದಾನೆ. ಬಾಲ್‌ರೂಂ ಡಾನ್ಸಿನಲ್ಲೂ ಸ್ಪರ್ಧೆ ಇದೆ. ನಾನು ಹೇಳುತ್ತಿರುವುದು ಆ ವ್ಯತ್ಯಾಸವನ್ನೇ. ಈ ಹುಡುಗರಿಗೆ ಗೆಲ್ಲಲು ಏನೂ ಇಲ್ಲ.

ಈಜು ಮೇಷ್ಟ್ರು · ಭಾನುವಾರ ರಾತ್ರಿ 10:15

ಗೆಲ್ಲಲು ಏನೂ ಇಲ್ಲ ಅಂದಿರಲ್ಲ, ಅದಕ್ಕೆ ಕಾರಣ ಇದೆ. ಬರೆದವರ ಜಾಣತನ ಅಷ್ಟೇ ಅಲ್ಲ, ಆಗ ನಿಜವಾಗಿಯೂ ಗಂಡು ಹುಡುಗರಿಗೆ ಹೋಗುವ ಜಾಗ ಇರಲಿಲ್ಲ.

ಈ ಆಟ ಒಲಿಂಪಿಕ್ಸಿಗೆ ಬಂದಿದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಹೆಂಗಸರಿಗೆ ಮಾತ್ರ. ವಿಶ್ವ ಚಾಂಪಿಯನ್‌ಶಿಪ್ಪಿನಲ್ಲೂ ಅದೇ ಕತೆ. ಅಮೆರಿಕದ ಬಿಲ್ ಮೇ ಅನ್ನುವವನು ಆ ಕಾಲದಲ್ಲಿ ತನ್ನ ದೇಶದ ಹುಡುಗಿಯರ ಸಮಕ್ಕೆ ಮಾಡುತ್ತಿದ್ದ. 2004ರ ಅಥೆನ್ಸ್ ಒಲಿಂಪಿಕ್ಸಿಗೆ ಬಿಡಲಿಲ್ಲ. ಗಂಡಸು ಅನ್ನುವುದೇ ಕಾರಣ. ಕೊನೆಗೆ 2015ರಲ್ಲಿ ರಷ್ಯಾದ ಕಜಾನ್‌ನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಮೊದಲ ಸಲ ಗಂಡು-ಹೆಣ್ಣು ಜೋಡಿಯ ಸ್ಪರ್ಧೆ ಇಟ್ಟರು. ಅವನು ಬಿಟ್ಟಿದ್ದ ಆಟಕ್ಕೆ ವಾಪಸ್ ಬಂದು ಚಿನ್ನ ಹೊಡೆದ. ಆಗ ಅವನಿಗೆ ಮೂವತ್ತಾರು ವಯಸ್ಸು.

ಹಾಗಾಗಿ 2001ರಲ್ಲಿ ಯಾಗುಚಿ ಈ ಸಿನಿಮಾಕ್ಕೆ ಫೈನಲ್ ಇಡಬೇಕು ಅಂದಿದ್ದರೂ ಎಲ್ಲಿ ಇಡುತ್ತಿದ್ದರು? ಶಾಲೆಯ ಹಬ್ಬ ಒಂದೇ ಗತಿ.

ಆ ಬೇಸಿಗೆಯ ಇನ್ನೊಂದು ಮಾತು. ಅದೇ 2001ರ ಜುಲೈನಲ್ಲಿ ಜಪಾನಿನ ಫುಕುವೊಕಾದಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಹೆಂಗಸರ ಜೋಡಿ ವಿಭಾಗದಲ್ಲಿ ಜಪಾನಿನ ಮಿಯಾ ತಚಿಬಾನಾ, ಮಿಹೊ ತಕೆದಾ ಚಿನ್ನ ಗೆದ್ದರು. ಅದರ ಹಿಂದಿನ ವರ್ಷ ಸಿಡ್ನಿ ಒಲಿಂಪಿಕ್ಸಿನಲ್ಲಿ ಜೋಡಿಗೂ ತಂಡಕ್ಕೂ ಬೆಳ್ಳಿ ಬಂದಿತ್ತು. ಅಂದರೆ ಈ ಆಟ ಆ ದೇಶಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. ಚೆನ್ನಾಗಿ ಗೊತ್ತಿತ್ತು, ಹೆಣ್ಣುಮಕ್ಕಳ ಆಟ ಅಂತ. ಸಿನಿಮಾ ಸೆಪ್ಟೆಂಬರಿನಲ್ಲಿ ಬಂತು. ಜನ ನಕ್ಕಿದ್ದು ಅದಕ್ಕೇ.

ಕಡಲೆಪುರಿ · ಭಾನುವಾರ ರಾತ್ರಿ 10:40

ಮೇಷ್ಟ್ರೇ, ಈಗಲಾದರೂ ಒಲಿಂಪಿಕ್ಸಿಗೆ ಬಿಡುತ್ತಾರಾ?

ಈಜು ಮೇಷ್ಟ್ರು · ಭಾನುವಾರ ರಾತ್ರಿ 10:58

ಬಾಗಿಲು ತೆರೆದರು, ಒಳಗೆ ಯಾರೂ ಹೋಗಲಿಲ್ಲ. 2024ರ ಪ್ಯಾರಿಸ್‌ಗೆ ಎಂಟು ಜನರ ತಂಡದಲ್ಲಿ ಇಬ್ಬರವರೆಗೆ ಗಂಡಸರು ಇರಬಹುದು ಅಂತ ನಿಯಮ ಬದಲಾಯಿಸಿದರು. ಆದರೆ ಯಾವ ದೇಶವೂ ಒಬ್ಬನನ್ನೂ ತೆಗೆದುಕೊಳ್ಳಲಿಲ್ಲ. ಬಿಲ್ ಮೇ ಆ ಸಲವೂ ಪ್ರಯತ್ನಪಟ್ಟ, ನಲವತ್ತೈದರ ವಯಸ್ಸಿನಲ್ಲಿ. ಆಗಲಿಲ್ಲ.

ಆದರೆ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಇದೆ. 2023ರಲ್ಲಿ ಮತ್ತೆ ಫುಕುವೊಕಾದಲ್ಲೇ ನಡೆದಾಗ ಮಿಶ್ರ ಜೋಡಿಯ ಟೆಕ್ನಿಕಲ್ ವಿಭಾಗದಲ್ಲಿ ಚಿನ್ನ ಗೆದ್ದಿದ್ದು ಜಪಾನಿನ ಅಕ್ಕ-ತಮ್ಮ, ತೊಮೊಕಾ ಮತ್ತು ಯೊತಾರೊ. ಮನೆಯ ಹೆಸರು ಏನು ಹೇಳಿ? ಸಾಟೋ!

ಬಾವಿ ಕಪ್ಪೆ · ಭಾನುವಾರ ರಾತ್ರಿ 11:04

ಅಫ್ರೋ ಇತ್ತಾ?

ಈಜು ಮೇಷ್ಟ್ರು · ಭಾನುವಾರ ರಾತ್ರಿ 11:06

ಇಲ್ಲ. ಕೂದಲು ಅಲುಗಾಡಬಾರದು ಅಂತ ಆಟಗಾರ್ತಿಯರು ಜೆಲಾಟಿನ್ ಕಾಯಿಸಿ ಬಳಿದುಕೊಳ್ಳುತ್ತಾರೆ. ಜೆಲ್ಲಿ ಮಾಡುವ ಅದೇ ಪುಡಿ. ತಣ್ಣೀರಿಗೆ ಕರಗುವುದಿಲ್ಲ, ಬಿಸಿನೀರು ಹಾಕಿದರೆ ಮಾತ್ರ ಹೋಗುತ್ತದೆ. ಅಫ್ರೋಗೆ ಎಷ್ಟು ಬೇಕಾದೀತು ಅಂತ ಲೆಕ್ಕ ಹಾಕಿ.

ಸೈತಾಮಾ ಸೊಸೆ · ಸೋಮವಾರ ಬೆಳಗ್ಗೆ 7:20

ಅಯ್ಯೋ, ಇದು ನಮ್ಮೂರಿನ ಸಿನಿಮಾ! ನಮ್ಮೂರು ಅಂದರೆ ಈಗಿನ ನಮ್ಮೂರು. ಮನೆಯವರ ಕೆಲಸದಿಂದಾಗಿ ಸೈತಾಮಾ ಪ್ರಾಂತ್ಯಕ್ಕೆ ಬಂದು ಒಂಬತ್ತು ವರ್ಷ ಆಯ್ತು.

ಸಿನಿಮಾದಲ್ಲಿ ಶಾಲೆಯ ಹೆಸರು ತದಾನೊ ಹೈಸ್ಕೂಲು. ಜಪಾನಿಯಲ್ಲಿ ‘ತದಾ ನೊ’ ಅಂದರೆ ‘ಬರೀ’, ‘ಸಾಮಾನ್ಯ’. ಕಿವಿಗೆ ‘ಯಾವುದೋ ಒಂದು ಹೈಸ್ಕೂಲು’ ಅಂತ ಕೇಳುತ್ತದೆ. ಆದರೆ ಅದರ ಹಿಂದಿರುವುದು ನಿಜವಾದ ಶಾಲೆ, ಸೈತಾಮಾದ ಕವಗೊಯೆ ಹೈಸ್ಕೂಲು. ಸರ್ಕಾರಿ ಶಾಲೆ, ಹುಡುಗರಿಗೆ ಮಾತ್ರ. ಓದಿನಲ್ಲೂ ಗಟ್ಟಿ. 2015ರಲ್ಲಿ ಭೌತಶಾಸ್ತ್ರಕ್ಕೆ ನೊಬೆಲ್ ಪಡೆದ ತಕಾಕಿ ಕಜಿತ ಓದಿದ್ದು ಇಲ್ಲೇ. ಅಲ್ಲಿನ ಈಜು ತಂಡದ ಹುಡುಗರು ಶಾಲೆಯ ಹಬ್ಬದಲ್ಲಿ ಈ ಆಟ ಮಾಡುತ್ತಾ ಬಂದಿದ್ದರು. ಅದು ಟೀವಿಯಲ್ಲಿ ಬಂದು ಹೆಸರಾಯ್ತು, ಆಮೇಲೆ ಸಿನಿಮಾ ಆಯ್ತು.

ಆ ಹಬ್ಬದ ಹೆಸರು ಕುಸುನೊಕಿ ಸಾಯ್. ಕುಸುನೊಕಿ ಅಂದರೆ ಕರ್ಪೂರದ ಮರ. ಸೆಪ್ಟೆಂಬರ್ ಶುರುವಿನಲ್ಲಿ ನಡೆಯುತ್ತದೆ. ಟೋಕಿಯೊದ ಇಕೆಬುಕುರೊದಿಂದ ರೈಲಿನಲ್ಲಿ ಅರ್ಧ ಗಂಟೆ ದಾರಿ. ಕೊರೋನಾಕ್ಕೆ ಮುಂಚೆ ಒಂದು ಸಲ ನಾವೂ ಹೋಗಿದ್ದೆವು. ಬಿಸಿಲು ಹೇಗಿತ್ತು ಅಂದರೆ ಸರದಿಯಲ್ಲಿ ನಿಂತವರೆಲ್ಲ ಕೊಡೆ ಬಿಚ್ಚಿದ್ದರು. ನನ್ನ ಮುಂದೆ ಇಬ್ಬರು ಅಜ್ಜಿಯರು. ಒಬ್ಬರ ಕೈಯಲ್ಲಿ ಗೆಣಸಿನ ಚಿಪ್ಸ್ ಪೊಟ್ಟಣ. ಕವಗೊಯೆ ಗೆಣಸಿಗೆ ಹೆಸರುವಾಸಿ, ಐಸ್‌ಕ್ರೀಮಿಗೂ ಗೆಣಸು ಹಾಕುತ್ತಾರೆ. ನಿಮ್ಮ ಮೊಮ್ಮಗ ಇದ್ದಾನಾ ಅಂತ ಕೇಳಿದೆ. ಇಲ್ಲ, ಸುಮ್ನೆ ಪ್ರತಿ ವರ್ಷ ಬರುತ್ತೇವೆ ಅಂದರು.

ಒಳಗೆ ಹೋದರೆ ಅದು ಮಾಮೂಲಿ ಶಾಲೆಯ ಕೊಳ. ಹುಡುಗರು ಸಾಲಾಗಿ ಓಡಿ ಬಂದರು. ಬೇಸಿಗೆಯೆಲ್ಲ ಬಿಸಿಲಲ್ಲಿ ಕಳೆದಿದ್ದಕ್ಕೆ ಬೆನ್ನು ಕಪ್ಪಗೆ ಸುಟ್ಟಿತ್ತು. ಒಬ್ಬನ ಹೆಗಲ ಮೇಲೆ ಒಬ್ಬ ನಿಂತು ಗೋಪುರ ಕಟ್ಟಿದರು, ಮೇಲಿದ್ದವನು ಹಾರಿದ. ಒಂದು ಸಲ ಗೋಪುರ ಕುಸಿಯಿತು. ಮತ್ತೆ ಕಟ್ಟಿದರು. ಆ ಎರಡನೇ ಸಲದ್ದಕ್ಕೆ ಬಿದ್ದ ಚಪ್ಪಾಳೆ ಬೇರೆ ಯಾವುದಕ್ಕೂ ಬೀಳಲಿಲ್ಲ. ಮುಗಿದ ಮೇಲೆ ಹುಡುಗರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಕೊನೆಯ ವರ್ಷದವರಿಗೆ ಅದೇ ಕೊನೆ. ಮಾರನೇ ದಿನದಿಂದ ಕಾಲೇಜು ಪ್ರವೇಶ ಪರೀಕ್ಷೆಯ ಓದು. ಸಾಮಾನ್ಯವಾಗಿ ಇಲ್ಲಿ ಮೂರನೇ ವರ್ಷದವರು ಬೇಸಿಗೆಯ ಹೊತ್ತಿಗೆ ಎಲ್ಲ ಆಟ ಬಿಟ್ಟು ಪುಸ್ತಕ ಹಿಡಿಯುತ್ತಾರೆ.

ಮ್ಯಾಟಿನಿ ಪ್ರಿಯ ಅವರೇ, ನಿಮ್ಮ ಗಂಟಲು ಕಟ್ಟಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಸೋಲು-ಗೆಲುವು ಇಲ್ಲ ನಿಜ. ಆದರೆ ಮುಂದಿನ ವರ್ಷ ಅನ್ನುವುದೂ ಇಲ್ಲ.

ಮ್ಯಾಟಿನಿ ಪ್ರಿಯ · ಸೋಮವಾರ ಬೆಳಗ್ಗೆ 9:02

ಬಸ್ಸಿನಲ್ಲಿ ಓದುತ್ತಾ ಇಳಿಯುವ ಸ್ಟಾಪ್ ದಾಟಿ ಹೋದೆ. ತುಂಬಾ ಥ್ಯಾಂಕ್ಸ್ ಮೇಡಂ. ಇನ್ನೂ ಒಂದು ಕೇಳಲಾ? ಅಲ್ಲಿ ಪ್ರತಿ ಶಾಲೆಗೂ ಈಜುಕೊಳ ಇರುತ್ತದಾ? ಯಾವ ಜಪಾನಿ ಸಿನಿಮಾ ನೋಡಿದರೂ ಶಾಲೆ ಅಂದರೆ ಕೊಳ ಇದ್ದೇ ಇರುತ್ತದೆ.

ಸೈತಾಮಾ ಸೊಸೆ · ಸೋಮವಾರ ಮಧ್ಯಾಹ್ನ 1:15

ಬಹುತೇಕ ಇರುತ್ತದೆ. ಅದರ ಹಿಂದೆ ಒಂದು ದುಃಖದ ಕತೆ ಇದೆ. 1955ರ ಮೇ ತಿಂಗಳಲ್ಲಿ ಶಿಉನ್ ಮಾರು ಅನ್ನುವ ಹಡಗು ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ಸತ್ತವರು 168 ಜನ. ಅದರಲ್ಲಿ ಹೆಚ್ಚಿನವರು ಶಾಲೆಯ ಪ್ರವಾಸ ಹೊರಟಿದ್ದ ಮಕ್ಕಳು. ಮಕ್ಕಳಿಗೆ ಈಜು ಕಲಿಸಲೇಬೇಕು ಎಂಬ ಕೂಗು ಎದ್ದಿದ್ದು ಆಗ. ಊರೂರಿನ ಶಾಲೆಗಳಲ್ಲಿ ಕೊಳ ಕಟ್ಟಿಸಿದರು. ನನ್ನ ಮಗಳೂ ಒಂದನೇ ಕ್ಲಾಸಿನಲ್ಲಿ ಟೋಪಿ, ಕನ್ನಡಕ, ಟವೆಲ್ ಹಿಡಿದು ಹೋಗಿದ್ದೇ. ಬೆಳಗ್ಗೆ ಮೈ ಬಿಸಿ ಎಷ್ಟಿದೆ ಅಂತ ನೋಡಿ ಕಾರ್ಡಿನಲ್ಲಿ ಬರೆದು ಕಳಿಸಬೇಕು. ಒಂದು ದಿನ ಬರೆಯಲು ಮರೆತೆ, ಮಗಳು ಇಡೀ ಪೀರಿಯಡ್ ದಡದಲ್ಲಿ ಕೂತು ಬಂದಳು. ಸಂಜೆವರೆಗೆ ನನ್ನ ಜೊತೆ ಮಾತಿಲ್ಲ. ಈಗೀಗ ಹಳೆಯ ಕೊಳ ರಿಪೇರಿ ಮಾಡಿಸುವುದು ದುಬಾರಿ ಅಂತ ಮುಚ್ಚುತ್ತಿದ್ದಾರೆ. ಮಕ್ಕಳನ್ನು ಊರಿನ ಈಜುಕೊಳಕ್ಕೆ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ.

ಇನ್ನೊಂದು ವಿಷಯ, ಸಿನಿಮಾ ನೋಡಿದವರಿಗೆ ಮಜಾ ಅನ್ನಿಸಬಹುದು. ಚಳಿಗಾಲದಲ್ಲೂ ಶಾಲೆಯ ಕೊಳದಲ್ಲಿ ನೀರು ಹಾಗೇ ಬಿಟ್ಟಿರುತ್ತಾರೆ, ಹಸಿರು ಕಟ್ಟಿರುತ್ತದೆ. ನಾನು ಮೊದಲು ಸೋಮಾರಿತನ ಅಂದುಕೊಂಡಿದ್ದೆ. ಅಲ್ಲ, ಬೆಂಕಿ ಬಿದ್ದರೆ ಆರಿಸಲು ಅಂತೆ.

ಮ್ಯಾಟಿನಿ ಪ್ರಿಯ · ಸೋಮವಾರ ಮಧ್ಯಾಹ್ನ 1:33

ಹಾಗೋ!! ಸಿನಿಮಾದಲ್ಲಿ ಹಬ್ಬದ ಹೊತ್ತಿಗೆ ಬೆಂಕಿ ಬೀಳುತ್ತದಲ್ಲ, ಅದನ್ನು ಆರಿಸಲು ಕೊಳದ ನೀರನ್ನೆಲ್ಲ ಎಳೆದುಬಿಡುತ್ತಾರಲ್ಲ. ನಾನು ಅದನ್ನು ಕತೆಗಾರರು ಸುಮ್ನೆ ಜೋಡಿಸಿದ್ದು ಅಂದುಕೊಂಡಿದ್ದೆ. ಅಲ್ಲಿನವರಿಗೆ ಅದು ಮನೆ ಮಾತು ಅನ್ನಿ.

ಹಳೇ ರೀಲು · ಸೋಮವಾರ ಸಂಜೆ 7:48

ಸ್ಪಾಯ್ಲರ್ ಎಚ್ಚರಿಕೆ ಹಾಕಿ ಸ್ವಾಮಿ. ಇಪ್ಪತ್ತು ವರ್ಷ ದಾಟಿದ ಸಿನಿಮಾ ಆದರೂ ಮರ್ಯಾದೆ ಮರ್ಯಾದೆಯೇ.

ಸರಿ, ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಸಾಓತೊಮೆ ಪಾತ್ರ. ಹೆಣ್ಣಿನ ಹಾವಭಾವದ ಹುಡುಗ, ಅವನಿಗೆ ಸಾಟೋ ಮೇಲೆ ಮನಸ್ಸು. ಅವನು ಕಾಣಿಸಿಕೊಂಡಾಗೆಲ್ಲ ನಗಬೇಕು ಅಂತ ಸಿನಿಮಾ ನಮಗೆ ಸನ್ನೆ ಮಾಡುತ್ತದೆ. ಹೆಣ್ಣು ವೇಷದ ಬಾರ್ ಮಾಲೀಕನ ಪಾತ್ರವೂ ಹಾಗೇ. ಆ ಪಾತ್ರ ಮಾಡಿರುವ ಅಕಿರಾ ಎಮೊಟೊ ದೊಡ್ಡ ನಟ, ಆ ಮಾತು ಬೇರೆ. ಅವತ್ತು ನಕ್ಕಿದ್ದೆ, ಸುಳ್ಳು ಹೇಳುವುದಿಲ್ಲ. ಇವತ್ತು ನಗು ಬರಲಿಲ್ಲ.

ಸುಮ್ನೆ ಓದುವವಳು · ಸೋಮವಾರ ರಾತ್ರಿ 9:10

ಮೊದಲ ಸಲ ಇಲ್ಲಿ ಬರೆಯುತ್ತಿದ್ದೇನೆ. ಹಳೇ ರೀಲು ಅವರು ಹೇಳಿದ್ದು ಸರಿ. ಆದರೆ ಒಂದನ್ನು ಗಮನಿಸಿ. ಉಳಿದ ನಾಲ್ವರು ಅವನನ್ನು ಹೊರಗೆ ಹಾಕುವುದಿಲ್ಲ, ಹೊಡೆಯುವುದೂ ಇಲ್ಲ. ಮುಜುಗರ ಪಡುತ್ತಾರೆ, ಆಮೇಲೆ ಮತ್ತೆ ನೀರಿಗೆ ಇಳಿಯುತ್ತಾರೆ. ನೀರಿನಲ್ಲಿ ಒಬ್ಬರ ಕಾಲು ಒಬ್ಬರು ಹಿಡಿದು ತೇಲಬೇಕು, ಬಿಟ್ಟರೆ ಆಟವೇ ಇಲ್ಲ. ಆಟವೇ ಅವರನ್ನು ಹಾಗೆ ಕೂಡಿಸಿದೆ.

ನನ್ನ ತಮ್ಮ ಭರತನಾಟ್ಯ ಕಲಿಯುತ್ತಿದ್ದ. ಹೈಸ್ಕೂಲಿನಲ್ಲಿ ಅವನಿಗಿಟ್ಟಿದ್ದ ಅಡ್ಡಹೆಸರನ್ನು ಇಲ್ಲಿ ಬರೆಯಲಾರೆ. ಎಂಟನೇ ಕ್ಲಾಸಿನಲ್ಲಿ ಗೆಜ್ಜೆ ಬಿಚ್ಚಿಟ್ಟ. ಇನ್ನೂ ಅಟ್ಟದ ಮೇಲಿದೆ. ಅವನಿಗೆ ಅವತ್ತು ಬೇಕಿದ್ದದ್ದು ಜೊತೆಗೆ ನಾಲ್ಕು ಜನ, ಅಷ್ಟೇ. ಅವರು ಒಳ್ಳೆಯವರೇ ಆಗಬೇಕಿರಲಿಲ್ಲ.

ಹಳೇ ರೀಲು · ಸೋಮವಾರ ರಾತ್ರಿ 9:34

ತಕರಾರು ಹಾಗೇ ಇದೆ ತಂಗಿ. ಆದರೆ ನೀವು ಹೇಳಿದ ಆ ಕಾಲು ಹಿಡಿಯುವ ಮಾತನ್ನು ನಾನು ಯೋಚನೆ ಮಾಡಿರಲಿಲ್ಲ. ಈ ವಾರ ಇನ್ನೊಂದು ಸಲ ನೋಡುತ್ತೇನೆ.

ಕಡಲೆಪುರಿ · ಸೋಮವಾರ ರಾತ್ರಿ 9:50

ನಾನು ಇವತ್ತು ನೋಡಿ ಮುಗಿಸಿದೆ. ಡಾಲ್ಫಿನ್ ಮನುಷ್ಯ ಹುಡುಗರ ಕೈಲಿ ಬೇಸಿಗೆಯೆಲ್ಲ ಮೀನಿನ ತೊಟ್ಟಿಯ ಗಾಜು ಒರೆಸಿಸುವುದು ಸೂಪರ್. ಹುಡುಗರು ಅದನ್ನು ಯಾವುದೋ ಗುಪ್ತ ತರಬೇತಿ ಅಂತ ನಂಬುತ್ತಾರೆ. ಅವನಿಗೋ ಬಿಟ್ಟಿ ಕೆಲಸದವರು ಸಿಕ್ಕಿದ ಖುಷಿ. ನನ್ನ ಮೊದಲ ಕೆಲಸದಲ್ಲಿ ಟ್ರೈನಿಂಗ್ ಅಂತ ಮೂರು ತಿಂಗಳು ಫೈಲಿಗೆ ಲೇಬಲ್ ಅಂಟಿಸಿದ್ದು ನೆನಪಾಯ್ತು.

ಆಮೇಲೆ ಗೇಮ್ ಸೆಂಟರಿನಲ್ಲಿ ಡಾನ್ಸ್ ಯಂತ್ರದ ಮೇಲೆ ಎಲ್ಲರ ಕಾಲೂ ಒಂದೇ ತಾಳಕ್ಕೆ ಬೀಳುತ್ತದಲ್ಲ, ಅಲ್ಲಿ ನಾನು ಎದ್ದು ಕೂತೆ. ಕಲಿತಿದ್ದು ಯಾರಿಂದ ಅಂತ ಕೇಳಿದರೆ ಯಾರಿಂದಲೂ ಅಲ್ಲ!

ಆದರೆ ಒಂದು ಅನುಮಾನ. ಸಮುದ್ರದಲ್ಲಿ ಅಭ್ಯಾಸ ಮಾಡುವಾಗ ಜನ ಇವರು ಮುಳುಗುತ್ತಿದ್ದಾರೆ ಅಂದುಕೊಂಡು ಟೀವಿಯವರೆಲ್ಲ ಬರುತ್ತಾರೆ. ಆಟ ಆಡುವುದಕ್ಕೂ ಮುಳುಗುವುದಕ್ಕೂ ಅಷ್ಟು ವ್ಯತ್ಯಾಸ ತಿಳಿಯುವುದಿಲ್ಲವಾ ಮೇಷ್ಟ್ರೇ?

ಈಜು ಮೇಷ್ಟ್ರು · ಮಂಗಳವಾರ ಬೆಳಗ್ಗೆ 6:05

ಹೊಸಬರದ್ದು ನೋಡಿದರೆ ತಿಳಿಯುವುದಿಲ್ಲ ಮಾರಾಯ್ರೆ. ತಲೆ ನೀರೊಳಗೆ, ಕಾಲು ಮೇಲೆ ಒದ್ದಾಡುತ್ತಿರುತ್ತದೆ. ದಡದಲ್ಲಿರುವವರಿಗೆ ಎದೆ ಝಲ್ ಅನ್ನುತ್ತದೆ.

ಇದರ ಅಡಿಪಾಯ ಒಂದೇ, ನಿಂತೀಜು. ಅದರಲ್ಲೂ ಒಂದು ಬಗೆ. ನೀರಿನಲ್ಲಿ ಕುರ್ಚಿ ಮೇಲೆ ಕೂತಂತೆ ಕೂರಬೇಕು. ಬೆನ್ನು ನೇರ, ಮಂಡಿ ಅಗಲ. ಈಗ ಮಂಡಿಯಿಂದ ಕೆಳಗಿನ ಕಾಲನ್ನು ಮಾತ್ರ ಸುತ್ತಿಸಬೇಕು. ಎರಡು ಕಾಲೂ ಎದುರುಬದುರು ದಿಕ್ಕಿನಲ್ಲಿ, ಒಂದಾದ ಮೇಲೆ ಒಂದು. ಮೊಟ್ಟೆ ಕಡೆಯುವ ಯಂತ್ರದ ಎರಡು ಕಡ್ಡಿ ತಿರುಗುತ್ತವಲ್ಲ, ಹಾಗೆ. ವಾಟರ್ ಪೋಲೊದವರೂ ಇದನ್ನೇ ಮಾಡುತ್ತಾರೆ. ಸರಿಯಾಗಿ ಬಂದರೆ ಎರಡು ಕೈಯೂ ಬಿಡುವು, ಎದೆಯವರೆಗೆ ಮೇಲೆ ಬರಬಹುದು. ತಲೆಕೆಳಗಾದಾಗ ಕಾಲಿನ ಕೆಲಸ ಕೈಗೆ. ಅಂಗೈಯಿಂದ ನೀರನ್ನು ಅತ್ತಿತ್ತ ಒತ್ತುತ್ತಾ ಮೈಯನ್ನು ಎತ್ತಿ ಹಿಡಿಯಬೇಕು. ಕೊಳದ ತಳ ಮುಟ್ಟುವಂತಿಲ್ಲ, ಮುಟ್ಟಿದರೆ ಅಂಕ ಹೋಗುತ್ತದೆ. ಮೂಗಿಗೆ ಕ್ಲಿಪ್ ಇಲ್ಲದೆ ತಲೆಕೆಳಗಾದರೆ ನೀರು ಸೀದಾ ತಲೆಗೆ ಹತ್ತುತ್ತದೆ. ಹಾಡು ನೀರೊಳಗೂ ಕೇಳಬೇಕು, ಅದಕ್ಕೆ ಬೇರೆಯೇ ಸ್ಪೀಕರ್.

ಗಂಡು ಹುಡುಗರಿಗೆ ಇನ್ನೂ ಒಂದು ಕಷ್ಟ. ಮೈಯಲ್ಲಿ ಕೊಬ್ಬು ಕಮ್ಮಿ, ತೊಡೆ ಭಾರ. ಮಲಗಿದರೆ ಕಾಲು ಕೆಳಗಿಳಿಯುತ್ತದೆ. ಓಟಾನಂಥ ಸಣಕಲನಿಗೆ ತೇಲುವುದೇ ದೊಡ್ಡ ಕೆಲಸ. ಕೊನೆಯ ಪ್ರದರ್ಶನವನ್ನು ಆ ನಟರೇ ತರಬೇತಿ ತೆಗೆದುಕೊಂಡು ಮಾಡಿದ್ದು. ನಾನು ಆ ಭಾಗವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಕೆಲವರ ಮಂಡಿ ಬಾಗಿದೆ, ಕೆಲವರ ಪಾದ ನೆಟ್ಟಗಿಲ್ಲ. ಅಂಕ ಕೊಡುವವನಾದರೆ ಕಡಿಮೆ ಕೊಡುತ್ತಿದ್ದೆ. ಆದರೆ ಕ್ಯಾಮೆರಾ ದೂರ ನಿಂತು ಇಡೀ ಕೊಳ ತೋರಿಸುತ್ತದೆ, ಅಷ್ಟೂ ಹುಡುಗರು ಒಂದೇ ಚೌಕಟ್ಟಿನಲ್ಲಿ. ಮೋಸ ಮಾಡಲು ಜಾಗವೇ ಇಲ್ಲ.

ಬಾವಿ ಕಪ್ಪೆ · ಮಂಗಳವಾರ ಬೆಳಗ್ಗೆ 11:20

ಮೇಷ್ಟ್ರು ಹೇಳಿದ್ದನ್ನು ಆಫೀಸಿನ ಕುರ್ಚಿಯಲ್ಲಿ ಮಾಡಿ ನೋಡಿದೆ. ಎಡಗಾಲು ಒಂದು ಕಡೆ ಸುತ್ತಿದರೆ ಬಲಗಾಲೂ ಅದೇ ಕಡೆ ಓಡುತ್ತದೆ. ಪಕ್ಕದವರು ಕಾಫಿ ಲೋಟ ಕೆಳಗಿಟ್ಟು ‘ಹುಷಾರಿಲ್ವಾ?’ ಅಂತ ಕೇಳಿದರು.

ನಾನು ಈಜು ಕಲಿತಿದ್ದು ಊರಿನ ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ ದೊಡ್ಡಪ್ಪ ಮೇಲಿನಿಂದ ನೂಕಿದರು. ಆರನೇ ದಿನ ಬುರುಡೆ ಬಿಚ್ಚಿದ್ದು ನನಗೆ ಹೇಳಲೇ ಇಲ್ಲ. ಆಗ ನಾನು ಮಾಡಿದ್ದು ನಿಂತೀಜೋ ಪ್ರಾಣಭಯವೋ ಗೊತ್ತಿಲ್ಲ. ಮುಖದ ಮೇಲೆ ನಗು ಅಂತೂ ಇರಲಿಲ್ಲ.

ಸೈತಾಮಾ ಸೊಸೆ · ಮಂಗಳವಾರ ಮಧ್ಯಾಹ್ನ 12:40

ಈಜು ಬರದವರಿಗೆ ಇಲ್ಲಿ ‘ಕನಾಜುಚಿ’ ಅನ್ನುತ್ತಾರೆ. ಅಂದರೆ ಸುತ್ತಿಗೆ. ನಾವು ಗುಂಡುಕಲ್ಲು ಅನ್ನುತ್ತೇವಲ್ಲ, ಹಾಗೆ. ನಾನು ಒಂಬತ್ತು ವರ್ಷದಿಂದ ಸುತ್ತಿಗೆಯೇ. ಮಗಳು ಎಲ್ಲರ ಮುಂದೆ ಹೇಳಿಕೊಂಡು ಬರುತ್ತಾಳೆ.

ಕಡಲೆಪುರಿ · ಮಂಗಳವಾರ ಸಂಜೆ 5:30

ಇದೇ ತರಹದ್ದು ಬೇರೆ ಇದ್ದರೆ ಹೇಳಿ. ಒಂದೇ ಸಲಕ್ಕೆ ಚಟ ಹತ್ತಿತು.

ಹಳೇ ರೀಲು · ಮಂಗಳವಾರ ಸಂಜೆ 6:15

ಯಾಗುಚಿಯವರದ್ದೇ ‘ಸ್ವಿಂಗ್ ಗರ್ಲ್ಸ್’, 2004. ಯಮಗಾತಾ ಕಡೆಯ ಶಾಲೆಯ ಹುಡುಗಿಯರು ಬೇಸಿಗೆ ಕ್ಲಾಸ್ ತಪ್ಪಿಸಿಕೊಳ್ಳಲು ಹೋಗಿ ಜಾಸ್ ಬ್ಯಾಂಡ್ ಕಟ್ಟುವ ಕತೆ. ನನಗೆ ಇದಕ್ಕಿಂತ ಅದೇ ಇಷ್ಟ. 2014ರ ‘ವುಡ್ ಜಾಬ್’ ಕೂಡ ಚೆನ್ನಾಗಿದೆ, ಪಟ್ಟಣದ ಹುಡುಗ ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಹೋಗುತ್ತಾನೆ. ‘ವಾಟರ್ ಬಾಯ್ಸ್’ ಹೆಸರಿನಲ್ಲೇ 2003ರಲ್ಲಿ ಟೀವಿ ಧಾರಾವಾಹಿ ಬಂತು, 2004ರಲ್ಲಿ ಎರಡನೇ ಭಾಗ. ಅದನ್ನು ಬಿಡಬಹುದು.

ಗಂಡಸರು ಇದೇ ಆಟ ಆಡುವ ಸಿನಿಮಾ 2018ರಲ್ಲಿ ಯೂರೋಪಿನಲ್ಲಿ ಒಟ್ಟಿಗೆ ಎರಡು ಬಂದವು. ಫ್ರಾನ್ಸಿನ ‘ಲ ಗ್ರಾಂ ಬ್ಯಾಂ’, ಇಂಗ್ಲೆಂಡಿನ ‘ಸ್ವಿಮ್ಮಿಂಗ್ ವಿತ್ ಮೆನ್’. ಅಲ್ಲಿ ಹುಡುಗರಲ್ಲ, ಹೊಟ್ಟೆ ಬಂದ ನಡುವಯಸ್ಸಿನವರು. ಮ್ಯಾಟಿನಿ ಪ್ರಿಯರೇ, ಆ ಎರಡರಲ್ಲೂ ಕೊನೆಗೆ ಚಾಂಪಿಯನ್‌ಶಿಪ್ ಇದೆ, ನೋಡಿಕೊಳ್ಳಿ. ನಿಮ್ಮ ಮಾತಿಗೆ ಪುರಾವೆ ನಾನೇ ತಂದುಕೊಟ್ಟ ಹಾಗಾಯ್ತು.

ಮ್ಯಾಟಿನಿ ಪ್ರಿಯ · ಬುಧವಾರ ರಾತ್ರಿ 10:20

ನಿನ್ನೆ ಮಗನನ್ನು ಕೂರಿಸಿಕೊಂಡು ಮತ್ತೆ ನೋಡಿದೆ. ಅವನಿಗೆ ಹದಿಮೂರು. ಸುಜುಕಿ ತಾನು ಇಷ್ಟಪಟ್ಟ ಹುಡುಗಿಗೆ ಈ ಈಜಿನ ವಿಷಯ ಹೇಳಲಾಗದೆ ಒದ್ದಾಡುವ ಜಾಗದಲ್ಲಿ ಮಗ ಫೋನ್ ಕೆಳಗಿಟ್ಟ. ಕೊನೆಗೆ ತಮ್ಮ ಕೊಳ ಖಾಲಿಯಾಗಿ ಅದೇ ಹುಡುಗಿಯ ಶಾಲೆಯ ಕೊಳದಲ್ಲಿ, ಅಷ್ಟೂ ಹುಡುಗಿಯರ ಎದುರಿಗೆ ಚಡ್ಡಿಯಲ್ಲಿ ನಿಲ್ಲಬೇಕಾಗುತ್ತದಲ್ಲ. ಮಗ ದಿಂಬಿನಿಂದ ಮುಖ ಮುಚ್ಚಿಕೊಂಡ. ‘ಅಪ್ಪಾ, ನಾನಾಗಿದ್ರೆ ಓಡಿಹೋಗ್ತಿದ್ದೆ’ ಅಂದ.

ನಾನೂ ಓಡುತ್ತಿದ್ದೆ. ಆ ವಯಸ್ಸಿನಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕದಲ್ಲಿ ಹೆಸರು ಕೊಟ್ಟು, ಹಿಂದಿನ ದಿನ ಜ್ವರ ಅಂತ ಸುಳ್ಳು ಹೇಳಿ ಮಲಗಿದ್ದೆ. ನನ್ನ ಪಾತ್ರವನ್ನು ಬೇರೆ ಹುಡುಗ ಮಾಡಿದ. ಮಾತು ಮರೆತು ನಿಂತನಂತೆ. ಜನ ಸಿಕ್ಕಾಪಟ್ಟೆ ಚಪ್ಪಾಳೆ ಹೊಡೆದರಂತೆ.

ಹಳೇ ರೀಲು · ಗುರುವಾರ ರಾತ್ರಿ 11:40

ನೋಡಿದೆ. ಸಾಓತೊಮೆ ಬಗ್ಗೆ ತಕರಾರು ಹಾಗೇ. ಅವರು ಒಬ್ಬರ ಕಾಲು ಒಬ್ಬರು ಹಿಡಿದು ಸಾಲಾಗಿ ತೇಲುವ ಜಾಗವನ್ನು ಮೂರು ಸಲ ಹಿಂದೆ ಹಾಕಿ ನೋಡಿದೆ.

ಈಜು ಮೇಷ್ಟ್ರು · ಶನಿವಾರ ರಾತ್ರಿ 8:30

ನಮ್ಮ ಕೊಳದಲ್ಲಿ ಶನಿವಾರ ಸಂಜೆ ಕೊನೆಯ ಲೇನ್ ಖಾಲಿ ಇರುತ್ತದೆ. ಈ ಚರ್ಚೆಯ ಗುಂಗಿನಲ್ಲಿ ಸಿನಿಮಾದ ಕೊನೆಯ ಭಾಗವನ್ನು ಬೆಳಗ್ಗೆ ಮಕ್ಕಳಿಗೆ ಫೋನಿನಲ್ಲಿ ತೋರಿಸಿದ್ದೆ. ಸಂಜೆ ಮೂವರು ಹುಡುಗರು ಬಂದು ನಿಂತರು. ‘ಸಾರ್, ನಮಗೂ ಒಂದು ಹಾಡು ಹಾಕ್ತೀರಾ?’

ಹಾಕಿದೆ. ಮೂವರೂ ಒಟ್ಟಿಗೆ ತಲೆಕೆಳಗಾದರು. ಆರು ಕಾಲು ಮೇಲೆ ಬಂತು, ಆರೂ ಬೇರೆ ಬೇರೆ ದಿಕ್ಕಿಗೆ. ನಾಲ್ಕು ಸೆಕೆಂಡು ಇರಬಹುದು. ಆಮೇಲೆ ಮೂವರೂ ಕೆಮ್ಮುತ್ತಾ, ಸೀನುತ್ತಾ, ಕಂಬಿ ಹಿಡಿದು ನಗುತ್ತಿದ್ದರು. ಪಕ್ಕದ ಲೇನಿನ ಹುಡುಗಿಯರೂ ನಕ್ಕರು. ಒಬ್ಬಳು ಬಂದು, ಕಾಲು ಹಾಗಲ್ಲ ಹೀಗೆ ಅಂತ ಮಾಡಿ ತೋರಿಸಿದಳು.

ಮೂಗಿನ ಕ್ಲಿಪ್ ಬೇಕಂತೆ. ಮೂರು. ಬೆಂಗಳೂರಿನಲ್ಲಿ ಬಿಡಿಯಾಗಿ ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಾ? ಆನ್‌ಲೈನಿನಲ್ಲಿ ತರಿಸಿದ್ದು ಹೋದ ಸಲ ಎರಡೇ ದಿನಕ್ಕೆ ಮುರಿಯಿತು.

ಬಾವಿ ಕಪ್ಪೆ · ಶನಿವಾರ ರಾತ್ರಿ 8:41

ನಾಲ್ಕು ತರಿಸಿ ಮೇಷ್ಟ್ರೇ.